ಈಗ ಅಮ್ಮ ಇಲ್ಲ

ಈ ಕಥೆ ಹೇಳಹೊರಟದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡಬೇಕು. ಇದು ಇನ್ನೊಬ್ಬರ ಮನೆಯ ಮಾತು. ಅದರಲ್ಲೂ ಇನ್ನೊಬ್ಬರ ಕಾಗದದೊಳಗಿನ ಮಾತು. ಕಾಗದ ಓದಿದವರು ಅದರ ಬಗ್ಗೆ ಹೊರಗೆ ಬಾಯಿ ಬಿಡಬಾರದು ಎಂಬ ನಿಯಮವೂ ಇತ್ತು. ಆದರೆ ಒಂದು ಪುಟ್ಟ ಮಾತಿಗಾಗಿ ಒಂದು ಮನೆ ಮೂರು ತಿಂಗಳು ತಲೆ ಕೆಡಿಸಿಕೊಂಡದ್ದನ್ನು ಹೇಳದೆ ಸುಮ್ಮನಿರುವುದೂ ಕಷ್ಟವಾಗಿದೆ. ಹೇಳುವುದರಲ್ಲಿ ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು.

ಆ ಮನೆಯಲ್ಲಿ ನಾಲ್ಕು ಜನ, ಒಂದೇ ಮೇಜು. ಜಗಳವೆಲ್ಲ ಮೇಜಿನದೇ.

ಅತ್ತೆ ಹಳೆ ಬಟ್ಟೆ ಸರಿಮಾಡಿಕೊಡುವವರು. ಪ್ಯಾಂಟಿನ ಅಂಚು ಮಡಿಚುವುದು, ಕೆಟ್ಟ ಜಿಪ್ಪು ಬದಲಾಯಿಸುವುದು, ದಪ್ಪಗಾದವರ ಕೋಟಿನ ಹೊಲಿಗೆ ಬಿಚ್ಚಿ ಹಿಗ್ಗಿಸುವುದು ಅವರ ಕೆಲಸ. ಬೀದಿಯ ಅರ್ಧ ಜನರ ಸೊಂಟದ ಅಳತೆ ಅವರ ನಾಲಿಗೆಯ ತುದಿಯಲ್ಲಿತ್ತು, ಯಾರು ಮನೆಗೆ ಬಂದರೂ ಮೊದಲು ಹೊಟ್ಟೆ ನೋಡಿ ಆಮೇಲೆ ಮುಖ ನೋಡುತ್ತಿದ್ದರು. ಬಟ್ಟೆ ಹರಡಲು ಅವರಿಗೆ ಕಿಟಕಿ ಬದಿಯ ಊಟದ ಮೇಜೇ ಬೇಕು, ಅದೂ ಬೆಳಗಿನ ಬೆಳಕಿನಲ್ಲಿ. ಸೊಸೆಗೂ ಅದೇ ಮೇಜು, ಅದೇ ಬೆಳಕು, ಅದೇ ಹೊತ್ತು.

ಸೊಸೆಯದು ಒಂದು ಮಕ್ಕಳ ಸಂಸ್ಥೆಯ ಕೆಲಸ. ಆ ಸಂಸ್ಥೆಗೆ ಎರಡು ಕಚೇರಿ. ಒಂದು ಇಲ್ಲಿ, ಇನ್ನೊಂದು ಸಮುದ್ರದಾಚೆಯ ದೇಶದಲ್ಲಿ. ಆಚೆ ದೇಶದ ಒಬ್ಬೊಬ್ಬರು ಇಲ್ಲಿನ ಒಂದೊಂದು ಮಗುವಿನ ಶುಲ್ಕ, ಪುಸ್ತಕ, ಬೂಟು, ಔಷಧಿ ನೋಡಿಕೊಳ್ಳುತ್ತಿದ್ದರು. ವರ್ಷಕ್ಕೆ ಎರಡು ಸಲ ಮಗು ಅವರಿಗೆ ಕಾಗದ ಬರೆಯಬೇಕು, ಅವರು ಉತ್ತರ ಬರೆಯಬೇಕು. ಇವರ ಭಾಷೆ ಅವರಿಗೆ ಬಾರದು, ಅವರದು ಇವರಿಗೆ ಬಾರದು. ನಡುವೆ ಸೊಸೆ. ಆಚೆ ಭಾಷೆಯನ್ನು ಅವಳು ಮದುವೆಯಾದ ಮೇಲೆ ಸಂಜೆ ತರಗತಿಗೆ ಹೋಗಿ ಕಲಿತಿದ್ದಳು. ಮಗಳನ್ನು ಹೊಟ್ಟೆಯಲ್ಲಿಟ್ಟುಕೊಂಡು ವ್ಯಾಕರಣ ಉರು ಹೊಡೆದಿದ್ದಳು. ಪಾಸಾಗಿ ಹದಿನೈದು ವರ್ಷವಾಗಿದ್ದರೂ, ಯಾರೋ ಬಾಗಿಲು ತಟ್ಟಿ "ನಿಮಗೆ ಪಾಸು ಕೊಟ್ಟದ್ದು ತಪ್ಪಾಯಿತು, ವಾಪಸು ಕೊಡಿ" ಎಂದುಬಿಡುತ್ತಾರೆ ಎಂಬ ಅಳುಕು ಹೋಗಿರಲಿಲ್ಲ. ಒಂದು ಮಾತಿಗೆ ಮೂರು ಸಲ ನಿಘಂಟು ತೆಗೆಯುತ್ತಿದ್ದಳು.

ಕಾಗದಗಳ ಮೇಲೆ ಮಕ್ಕಳ ಹೆಸರು ಇರುತ್ತಿರಲಿಲ್ಲ, ಸಂಖ್ಯೆ ಇರುತ್ತಿತ್ತು. ಅನುವಾದಕರು ಮಕ್ಕಳ ಮನೆಗೆ ಹೋಗಬಾರದು, ಯಾರ ಗುರುತೂ ಹಿಡಿಯಬಾರದು. ಅದು ಮೊದಲನೆಯ ನಿಯಮ. ಎರಡನೆಯದು, ಒಂದು ಮಾತು ಸೇರಿಸಬಾರದು, ಒಂದು ಮಾತು ಬಿಡಬಾರದು.

"ಬರೆಯೋದು ಮಂಡಿ ಮೇಲಿಟ್ಕೊಂಡೂ ಆಗುತ್ತೆ," ಎನ್ನುತ್ತಿದ್ದರು ಅತ್ತೆ. "ಕೋಟು ಮಂಡಿ ಮೇಲೆ ಕತ್ತರಿಸಕ್ಕಾಗುತ್ತಾ? ಮಂಡಿಯೇ ಕತ್ತರಿಸಿ ಹೋಗುತ್ತೆ."

"ಇನ್ನು ಹತ್ತೇ ನಿಮಿಷ ಅತ್ತೆ."

"ನಿನ್ನ ಹತ್ತು ನಿಮಿಷದಲ್ಲಿ ನಾನು ಎರಡು ಪ್ಯಾಂಟು ಮುಗಿಸಿರ್ತೀನಿ."

ಗಂಡ ಕಟ್ಟಡಗಳ ಲಿಫ್ಟ್ ರಿಪೇರಿ ಮಾಡುವವನು. ಇಡೀ ದಿನ ಕತ್ತಲ ಗುಂಡಿಗಳಲ್ಲಿ ನೇತಾಡಿ ಬಂದವನಿಗೆ ಮನೆಯಲ್ಲಿ ಬೇಕಾದದ್ದು ನಿಶ್ಶಬ್ದ. ಹೆಂಡತಿಯ ಕಡೆ ಮಾತಾಡಿದರೆ ತಾಯಿ ಮುಖ ಗಂಟಿಕ್ಕುತ್ತಾಳೆ, ತಾಯಿಯ ಕಡೆ ಮಾತಾಡಿದರೆ ಹೆಂಡತಿ ಎರಡು ದಿನ ಉಪ್ಪು ಮರೆಯುತ್ತಾಳೆ. ಹಾಗಾಗಿ ತಟ್ಟೆಯ ಕಡೆ ನೋಡಿಕೊಂಡು ಉಣ್ಣುತ್ತಿದ್ದ. ಹದಿನೈದು ವರ್ಷದ ಮಗಳು ಮಾತ್ರ ಎಲ್ಲರ ಪರವಾಗಿಯೂ ವಾದಿಸುತ್ತಿದ್ದಳು, ಎಲ್ಲರ ವಿರುದ್ಧವೂ ವಾದಿಸುತ್ತಿದ್ದಳು. ಅವಳಿಗೆ ಮನೆಯಲ್ಲಿ ವಕೀಲೆ ಎಂದೇ ಹೆಸರು.

ಒಂದು ಬೆಳಿಗ್ಗೆ ಇನ್ನೂರ ಹದಿನಾರರ ಕಾಗದ ಸೊಸೆಯ ಕೈಗೆ ಬಂತು. ಒಂಬತ್ತನೇ ತರಗತಿಯ ಹುಡುಗಿ. ತಂದೆ ಹಿಂದೆಯೇ ತೀರಿಕೊಂಡಿದ್ದ, ಒಬ್ಬ ತಮ್ಮನಿದ್ದ. ಅವಳ ಓದು ನೋಡಿಕೊಳ್ಳುತ್ತಿದ್ದವಳು ಆಚೆ ದೇಶದ ಒಬ್ಬ ಮುದುಕಿ, ನಲವತ್ತು ವರ್ಷ ಮನೆಮನೆಗೆ ಅಂಚೆ ಹಂಚಿ ನಿವೃತ್ತಳಾದವಳು. ಹುಡುಗಿಯ ಕಾಗದ ಯಾವಾಗಲೂ ಚಿಕ್ಕದು. ಪರೀಕ್ಷೆ, ಮಳೆ, ಹೊಸ ಚೀಲ. ಈ ಸಲ ನಡುವೆ ಎರಡು ಸಾಲಿತ್ತು: "ಈಗ ಅಮ್ಮ ಇಲ್ಲ. ಅಡುಗೆ ಮಾಡುವುದು, ತಮ್ಮನನ್ನು ಶಾಲೆಗೆ ಹೊರಡಿಸುವುದು ಎಲ್ಲ ನಾನೇ."

ಸೊಸೆ ನಿಘಂಟು ತೆರೆದಳು. ಆ ಹೊತ್ತಿಗೆ ಅತ್ತೆ ಒಂದು ಕೋಟನ್ನು ತಂದು ಮೇಜಿನ ಆ ತುದಿಯಲ್ಲಿ ಹರಡಿ, ಟೇಪು ಎಳೆಯುತ್ತ, ಇಂಚಿಂಚೇ ಈ ತುದಿಯ ಕಡೆ ಬರುತ್ತಿದ್ದರು. ಸಾವಿಗೆ ಆಚೆ ಭಾಷೆಯಲ್ಲಿ ಮೂರು ಮಾತಿತ್ತು. ಒಂದು ಆಸ್ಪತ್ರೆಯದು, ಒಂದು ಪತ್ರಿಕೆಯದು, ಇನ್ನೊಂದು ಮನೆಯೊಳಗೆ ಮೆತ್ತಗೆ ಆಡುವಂಥದ್ದು. ಮೆತ್ತನೆಯದನ್ನೇ ಆರಿಸಿದಳು. "ಈಗ" ಎಂಬುದು ಆ ಸಾಲಿನಲ್ಲಿ ಎಲ್ಲಿಟ್ಟರೂ ಒಡ್ಡೊಡ್ಡಾಗಿ ಕಂಡಿತು. ಅದನ್ನು ಬಿಟ್ಟಳು. "ನನ್ನ ಅಮ್ಮ ತೀರಿಹೋದಳು." ಓದಿಕೊಂಡಳು, ಕಣ್ಣು ತುಂಬಿ ಬಂತು, ಕಾಗದ ಮಡಿಚಿ ಲಕೋಟೆಗೆ ಹಾಕಿದಳು.

ಊಟದ ಹೊತ್ತಿಗೆ ತಡೆಯಲಾರದೆ ಹೇಳಿದಳು. ಹೆಸರಿಲ್ಲ, ಊರಿಲ್ಲ, ಸಂಖ್ಯೆ ಮಾತ್ರ.

"ಎಷ್ಟು ವಯಸ್ಸು?" ಕೇಳಿದರು ಅತ್ತೆ.

"ನಮ್ಮ ವಕೀಲೆಗಿಂತ ಒಂದು ವರ್ಷ ಚಿಕ್ಕವಳು."

ಅತ್ತೆ ಮುಂದಿನ ತುತ್ತು ಎತ್ತಲಿಲ್ಲ. ಅವರೂ ಹನ್ನೊಂದಕ್ಕೇ ತಾಯಿಯನ್ನು ಕಳೆದುಕೊಂಡು ಒಲೆ ಮುಂದೆ ಕೂತವರು. ಮನೆಯವರಿಗೆಲ್ಲ ಅದು ಗೊತ್ತಿತ್ತು.

ಮರುದಿನ ಬೆಳಿಗ್ಗೆ ಮೇಜಿನ ಮೇಲೆ ಟೇಪು, ಸೀಮೆಸುಣ್ಣ, ಕತ್ತರಿ ಏನೂ ಇರಲಿಲ್ಲ. ಅತ್ತೆ ನೆಲದ ಮೇಲೆ ಹಳೆ ಬೆಡ್‌ಶೀಟು ಹಾಸಿ ಮೊಣಕಾಲೂರಿ ಕೂತಿದ್ದರು.

"ಅತ್ತೆ, ನಿಮ್ಮ ಸೊಂಟ."

"ನನ್ನ ಸೊಂಟದ ಲೆಕ್ಕ ನನಗಿದೆ. ನೀನು ಬರಿ. ಅಂಥ ಮಕ್ಕಳ ಕಾಗದ ಕಾಯಬಾರದು."

ಒಂದೂವರೆ ತಿಂಗಳು ಮನೆಯಲ್ಲಿ ಮೇಜಿನ ಮಾತೇ ಏಳಲಿಲ್ಲ. ಅತ್ತೆ ಹತ್ತು ಗಂಟೆಗೆ ಸೊಸೆಯ ಕೈಬದಿಗೆ ಚಹಾ ಇಟ್ಟು ಹೋಗುತ್ತಿದ್ದರು. ಗಂಡ ಊಟಕ್ಕೆ ಕೂತಾಗ ತಲೆ ಎತ್ತಿ, ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಕಥೆ ಹೇಳುವಷ್ಟು ಸಲಿಗೆಗೆ ಬಂದ. ಇಬ್ಬರು ಬದ್ಧವೈರಿಗಳು ನಲವತ್ತು ನಿಮಿಷ ಒಳಗಿದ್ದು ಹೊರಬರುವಾಗ ಬೀಗರಾಗುವ ಮಾತಾಡಿಕೊಂಡಿದ್ದರಂತೆ. "ಅದಕ್ಕೇ ನಾನು ಹೇಳೋದು," ಎಂದಳು ವಕೀಲೆ, "ಅಜ್ಜಿನೂ ಅಮ್ಮನ್ನೂ ಒಂದ್ಸಲ ಲಿಫ್ಟಲ್ಲಿ ಕೂಡಿಹಾಕು ಅಂತ. ಈಗ ಅದೂ ಬೇಕಾಗಿಲ್ಲ."

ಆಚೆ ದೇಶದ ಆ ಅಂಚೆಯಾಕೆಯ ಉತ್ತರ ಬಂದದ್ದು ಆಗ. ದಪ್ಪ ಅಕ್ಷರದ ನಾಲ್ಕು ಪುಟ. "ನನ್ನ ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ," ಎಂದು ಬರೆದಿದ್ದಳು. "ನಮ್ಮ ಮನೆಯಲ್ಲಿ ಆಮೇಲೆ ಯಾರೂ ಅವಳ ಹೆಸರೆತ್ತಲಿಲ್ಲ. ನೀನು ಹಾಗೆ ಬಾಯಿ ಮುಚ್ಚಿಕೊಂಡು ಬೆಳೆಯಬೇಡ. ಅವಳ ಬಗ್ಗೆ ನನಗೆ ಬರೆ." ಜೊತೆಗೆ ಕಚೇರಿಯ ಚೀಟಿಯೊಂದಿತ್ತು. ಅಂಚೆಯಾಕೆಯ ಕೋರಿಕೆಯಂತೆ ಆಚೆ ಕಚೇರಿಯವರು ಇನ್ನೂರ ಹದಿನಾರನ್ನು ತಂದೆ ತಾಯಿ ಇಬ್ಬರೂ ಇಲ್ಲದ ಮಕ್ಕಳ ಪಟ್ಟಿಗೆ ಸೇರಿಸಿದ್ದರು. ಉಳಿದ ಮಕ್ಕಳಿಗೆ ಸಂಸ್ಥೆಯ ನೆರವು ಹತ್ತನೇ ತರಗತಿಗೆ ನಿಲ್ಲುತ್ತದೆ. ಈ ಪಟ್ಟಿಯವರಿಗೆ ಕಾಲೇಜು ಮುಗಿಯುವವರೆಗೆ.

ಸೊಸೆಗೆ ತಾನು ಆರಿಸಿದ ಮೆತ್ತನೆಯ ಮಾತು ಹೋಗಿ ನಾಟಿದೆ ಎಂದು ಒಂದು ಬಗೆಯ ಹೆಮ್ಮೆಯೂ ಆಯಿತು.

ಅದಾದ ಎರಡು ದಿನಕ್ಕೆ, ಊಟದ ನಡುವೆ ವಕೀಲೆ ನಗು ತಡೆಯಲಾರದೆ ನೀರು ಕುಡಿದಳು.

"ಅಮ್ಮ, ಇವತ್ತು ಅಜ್ಜಿ ನಿನ್ನ ಸಾಯಿಸಿಬಿಟ್ಟಳು."

"ಏನದು?"

"ನೀನು ಅಂಗಡಿಗೆ ಹೋದಾಗ ಫೋನು ಇಲ್ಲೇ ಬಿಟ್ಟುಹೋಗಿದ್ದೆ. ನಿಮ್ಮ ಆಫೀಸಿಂದ ಯಾರೋ ಹೊಸಬರು. ಅಜ್ಜಿ ಬಾಯಲ್ಲಿ ಆರು ಗುಂಡುಪಿನ್ನು ಕಚ್ಕೊಂಡು, ಒಳ್ಳೆ ಅಳೋ ದನಿಯಲ್ಲಿ, 'ಅವಳು ಇಲ್ಲಪ್ಪ' ಅಂದ್ಲು. ಅವರು ಗಾಬರಿಯಾಗಿ 'ಯಾವಾಗ?' ಅಂದ್ರು. ಅಜ್ಜಿ 'ಈಗಷ್ಟೇ, ಅರ್ಧ ಗಂಟೆ ಆಗಿರಬಹುದು' ಅಂದ್ಲು."

"ಅದರಲ್ಲೇನು ತಪ್ಪು?" ಎಂದರು ಅತ್ತೆ. "ಅರ್ಧ ಗಂಟೆನೇ ಆಗಿತ್ತು."

"ಪೂರ್ತಿ ಕೇಳು. 'ಏನಾಗಿತ್ತು ಅವರಿಗೆ?' ಅಂತ ಪಾಪ ಕೇಳಿದ್ರು. 'ಏನಾಗೋದು, ಈರುಳ್ಳಿ ಖಾಲಿಯಾಗಿತ್ತು' ಅಂದ್ಲು."

ಗಂಡನಿಗೆ ನೆತ್ತಿಗೆ ಹತ್ತಿತು. ಅತ್ತೆ ನಗುತ್ತಲೇ ಮಗನ ಬೆನ್ನು ತಟ್ಟಿದರು. ಸೊಸೆಯೂ ನಗಲು ಬಾಯಿ ತೆರೆದಳು. ನಗು ಬರಲಿಲ್ಲ. ಕೈಯಲ್ಲಿದ್ದ ಸೌಟನ್ನು ಪಾತ್ರೆಯೊಳಗೆ ಮೆಲ್ಲಗೆ ಇಟ್ಟು, ಎದ್ದು, ಕಪಾಟಿನ ಬಾಗಿಲು ತೆರೆದಳು.

"ಊಟದ ಮಧ್ಯೆ ಎಲ್ಲಿಗಮ್ಮ?" ಎಂದರು ಅತ್ತೆ.

ಅವಳು ಇನ್ನೂರ ಹದಿನಾರರ ಕಾಗದದ ನಕಲನ್ನು ತಂದು ಅತ್ತೆಯ ಮುಂದೆ ಹಿಡಿದಳು. "ಇದನ್ನ ಓದಿ. ನಿಮಗೆ ಏನನ್ಸುತ್ತೆ ಹೇಳಿ."

ಅತ್ತೆ ಕೈ ಒರೆಸಿಕೊಂಡು, ಕನ್ನಡಕ ಏರಿಸಿ, ತುಟಿಯಾಡಿಸುತ್ತ ಓದಿದರು. ಎರಡನೇ ಸಲ ಓದಿದರು.

"ಈ ಮಗುವಿನ ತಾಯಿ ಸತ್ತಿದಾಳೆ ಅಂತ ಯಾರು ಹೇಳಿದ್ದು?"

"ಅಮ್ಮ ಇಲ್ಲ ಅಂತ ಬರೆದಿದಾಳಲ್ಲ ಅತ್ತೆ."

"'ಈಗ' ಇಲ್ಲ ಅಂತ ಬರೆದಿದಾಳೆ. ನಾನು ನಮ್ಮಮ್ಮನ ವಿಷಯ 'ಈಗ ಇಲ್ಲ' ಅಂತ ಯಾವತ್ತಾದ್ರೂ ಅಂದಿದೀನಾ? ಹೋಗಿಬಿಟ್ಟಳು ಅಂತೀವಿ. 'ಈಗ ಇಲ್ಲ' ಅಂದ್ರೆ ಎಲ್ಲೋ ಹೋಗಿದಾಳೆ, ಬರ್ತಾಳೆ. ಕೆಲಸಕ್ಕೋ ಏನೋ." ಅತ್ತೆ ಕಾಗದವನ್ನು ದೂರ ಹಿಡಿದು ಮತ್ತೊಮ್ಮೆ ನೋಡಿದರು. "ನೀನು ಆ 'ಈಗ'ನ ಏನು ಮಾಡಿದೆ?"

"ಬಿಟ್ಟುಬಿಟ್ಟೆ," ಎಂದಳು ಸೊಸೆ.

ಅವಳು ಆರು ತಿಂಗಳ ಹಿಂದಿನ ಕಾಗದದ ನಕಲನ್ನೂ ಹುಡುಕಿ ತಂದಳು. ಕೊನೆಯಲ್ಲಿ, "ಅಮ್ಮನಿಗೆ ದೊಡ್ಡ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಸಿಗಬಹುದು, ಆದರೆ ದೂರ" ಎಂದಿತ್ತು. ನಲವತ್ತು ಮಕ್ಕಳ ಕಾಗದದ ನಡುವೆ ಅದನ್ನು ಅವಳು ಮರೆತೇಬಿಟ್ಟಿದ್ದಳು.

ಮರುದಿನ ಸಂಜೆ ಮನೆಯಲ್ಲಿ ಬಟಾಣಿ ಬಿಡಿಸುತ್ತ ಕೂತಾಗ ಮಾತು ಜೋರಾಯಿತು.

"ನೋಡು, ಸುಮ್ಮನಿದ್ದುಬಿಡು," ಎಂದ ಗಂಡ. "ಹೇಳಿದ್ರೆ ಯಾರಿಗೆ ಲಾಭ? ನಿನ್ನ ಕೆಲಸ ಹೋಗುತ್ತೆ. ಆ ಹುಡುಗಿಗೆ ಕಾಲೇಜು ಹೋಗುತ್ತೆ. ತಪ್ಪಿಂದ ಒಂದು ಮಗುವಿಗೆ ಒಳ್ಳೇದಾಗಿದೆ ಅಂದ್ಕೊ."

"ಆ ಅಂಚೆಯಾಕೆ ಕಾಗದನ ನಾನು ಹೇಗ್ರೀ ಬರೆದು ಕೊಡಲಿ? ನಿನ್ನ ಅಮ್ಮ ಸತ್ತದ್ದು ಕೇಳಿ ದುಃಖವಾಯಿತು ಅಂತ? ರಜೆಗೆ ಅವರಮ್ಮ ಮನೆಗೆ ಬಂದು ಅದನ್ನ ಓದಿದ್ರೆ?"

"ಹಾರಿಸಿ ಬರಿ."

"ಒಂದ್ಸಲ ಹಾರಿಸಿದ್ದೇ ಸಾಕು."

"ಬದುಕಿರೋಳನ್ನ ಪಟ್ಟಿಯಲ್ಲಿ ಸಾಯಿಸಿಟ್ಟು," ಎಂದರು ಅತ್ತೆ, "ನಾವು ಇಲ್ಲಿ ಬಟಾಣಿ ಬಿಡಿಸ್ತಾ ಕೂತಿದೀವಿ. ನನಗಂತೂ ಅನ್ನ ಗಂಟಲಲ್ಲಿ ಇಳೀತಿಲ್ಲ."

"ಅಮ್ಮ, ಮಧ್ಯಾಹ್ನ ಎರಡು ಸಲ ಹಾಕಿಸ್ಕೊಂಡೆ ನೀನು."

"ಕಷ್ಟಪಟ್ಟು ಇಳಿಸಿದೆ ಕಣೋ."

ವಕೀಲೆ ಅಷ್ಟು ಹೊತ್ತು ಸುಮ್ಮನಿದ್ದುದೇ ಹೆಚ್ಚು. ಬಟಾಣಿಯ ಬಟ್ಟಲನ್ನು ಪಕ್ಕಕ್ಕಿಟ್ಟಳು. "ಅಪ್ಪ, ವರ್ಷಕ್ಕೊಂದ್ಸಲ ಆಫೀಸಿನವರು ಮನೆಮನೆಗೆ ಹೋಗಿ ನೋಡ್ತಾರೆ ಅಲ್ವಾ?"

"ಹೂಂ, ನಿಮ್ಮಮ್ಮ ಹೇಳ್ತಿರ್ತಾಳೆ."

"ಆಗ ಬಾಗಿಲು ತೆಗೆಯೋಳು ಅವರಮ್ಮನೇ ಆದ್ರೆ? ಅನುವಾದ ತಪ್ಪು ಅಂತ ಯಾರಿಗೆ ಹೊಳೆಯುತ್ತೆ? ಹುಡುಗಿನೇ ಸುಳ್ಳು ಬರೆದಳು, ಹೆಚ್ಚು ಸಿಗುತ್ತೆ ಅಂತ ತಾಯಿನ ಸಾಯಿಸಿದಳು ಅಂತಾರೆ. ಕಾಲೇಜು ಹಾಗಿರಲಿ, ಹತ್ತನೇ ಕ್ಲಾಸೂ ಹೋಯ್ತು."

ಗಂಡ ಬಟಾಣಿ ಸಿಪ್ಪೆಯನ್ನು ಬೆರಳಲ್ಲಿ ಸುರುಳಿ ಸುತ್ತುತ್ತ ಕೂತ. "ನಮ್ಮಲ್ಲಿ," ಎಂದ, "ಒಂದು ಬೋಲ್ಟು ಬಿಗಿ ಮಾಡೋದು ಮರೆತೆ ಅಂತ ನೆನಪಾದ್ರೆ, ಆ ಲಿಫ್ಟ್ ನಿಲ್ಲಿಸಿ ಆಮೇಲೆ ಫೋನ್ ಮಾಡಬೇಕು. ಬೈಸಿಕೊಳ್ಳೋದು ಆಮೇಲೆ." ಸಿಪ್ಪೆಯನ್ನು ಬುಟ್ಟಿಗೆ ಹಾಕಿದ. "ಸೋಮವಾರ ಹೋಗು. ನಾನೂ ಬರಲಾ?"

"ಬೇಡ," ಎಂದಳು ಸೊಸೆ. ಆದರೂ ಅವನು ಕಚೇರಿಯ ಗೇಟಿನವರೆಗೆ ಬಂದು, ಎದುರಿನ ಕಟ್ಟಡದ ಲಿಫ್ಟು ನೋಡುವ ನೆಪ ಮಾಡಿಕೊಂಡು ನಿಂತ.

ಕಚೇರಿಯ ಮೇಲ್ವಿಚಾರಕಿ ಮಿತಮಾತಿನ ಹೆಂಗಸು. ಸೊಸೆ ಎರಡು ನಕಲನ್ನೂ ಮೇಜಿನ ಮೇಲಿಟ್ಟು, ಮನೆಯಿಂದ ಬಾಯಿಪಾಠ ಮಾಡಿಕೊಂಡು ಬಂದದ್ದನ್ನೆಲ್ಲ ಮರೆತು, "ನಾನು ಒಂದು ಮಾತು ಬಿಟ್ಟುಬಿಟ್ಟೆ ಮೇಡಂ," ಎಂದಳು. ಮೇಲ್ವಿಚಾರಕಿ ಓದಿದರು. ಯಾರಿಗೋ ಫೋನು ಮಾಡಿದರು. ಆ ಬಡಾವಣೆಯ ಕಾರ್ಯಕರ್ತೆ ಮಧ್ಯಾಹ್ನದೊಳಗೆ ಹೋಗಿ ನೋಡಿ ಬಂದಳು. ತಾಯಿ ಇದ್ದಾಳೆ. ದೂರದ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ, ಹದಿನೈದು ದಿನಕ್ಕೊಮ್ಮೆ ಭಾನುವಾರ ಬಂದು ಹೋಗುತ್ತಾಳೆ. ಉಳಿದ ದಿನ ಮಕ್ಕಳಿಬ್ಬರ ಮೇಲೂ ಪಕ್ಕದ ಮನೆಯವರು ಒಂದು ಕಣ್ಣಿಟ್ಟಿರುತ್ತಾರೆ.

"ಪಟ್ಟಿಯಿಂದ ತೆಗೀಲೇಬೇಕಾಗುತ್ತೆ," ಎಂದರು ಮೇಲ್ವಿಚಾರಕಿ.

"ತೆಗೀರಿ. ಆದರೆ ಹುಡುಗಿ ಸುಳ್ಳು ಬರೆದಳು ಅಂತ ಎಲ್ಲೂ ಬರಬಾರದು. ನಾನು ಬರೆದುಕೊಡ್ತೀನಿ."

"ನನಗಲ್ಲ. ಆ ಅಂಚೆಯಾಕೆಗೆ ಬರೀರಿ. ಅವರು ಒಂದು ಸಾವಿಗೆ ಅತ್ತಿದಾರೆ. ಇನ್ನೊಂದು ಮಾತು: ನೀವೇ ಅವರಿಗೆ ಬರೆದ ಮೇಲೆ ಈ ಮಗುವಿನ ವಿಷಯದಲ್ಲಿ ನೀವು ನಡುವಿನವರಾಗಿ ಉಳಿಯಲ್ಲ. ಇನ್ನೂರ ಹದಿನಾರು ಬೇರೆ ಅನುವಾದಕರಿಗೆ ಹೋಗುತ್ತೆ. ಉಳಿದ ಮಕ್ಕಳು ನಿಮ್ಮಲ್ಲೇ ಇರಲಿ."

ಮನೆಗೆ ಬಂದು ಹೇಳಿದಾಗ ಅತ್ತೆ ಮೊದಲು ಕೇಳಿದ್ದು, "ಅವರಮ್ಮ ಗಟ್ಟಿಯಾಗಿದಾಳಾ?"

"ಗಟ್ಟಿಯಾಗಿದಾಳಂತೆ ಅತ್ತೆ."

"ಹಾಗಾದ್ರೆ ನನ್ನ ಮೇಜು ನನಗೆ ಕೊಡು," ಎಂದು ಅತ್ತೆ ಅಲ್ಲೇ ಟೇಪು, ಕತ್ತರಿ ತಂದಿಟ್ಟರು. "ನಲವತ್ತೈದು ದಿನ ನೆಲದ ಮೇಲೆ ತೆವಳಿದೀನಿ. ಬದುಕಿರೋಳಿಗೋಸ್ಕರ ನನ್ನ ಸೊಂಟ ಹೋಯ್ತು." ವಕೀಲೆ ತೀರ್ಪು ಕೊಟ್ಟಳು: ಎಂಟರಿಂದ ಹತ್ತು ಅಮ್ಮನಿಗೆ, ಹತ್ತರಿಂದ ಅಜ್ಜಿಗೆ. ಇಬ್ಬರಿಗೂ ಅದು ಅನ್ಯಾಯವೆಂದೇ ಅನಿಸಿತು, ಆದ್ದರಿಂದ ಇಬ್ಬರೂ ಒಪ್ಪಿದರು.

ಅಂಚೆಯಾಕೆಗೆ ಬರೆಯಲು ಸೊಸೆಗೆ ಒಂದು ವಾರ ಬೇಕಾಯಿತು. ಇಷ್ಟು ವರ್ಷದಲ್ಲಿ ಆಚೆ ಭಾಷೆಯಲ್ಲಿ ಅವಳು ಸ್ವಂತದ ಮಾತು ಒಂದನ್ನೂ ಬರೆದಿರಲಿಲ್ಲ. ಎಂಟು ಗಂಟೆಗೆ ಕೂತು ಒಂದು ಸಾಲು ಬರೆದು, ಹತ್ತಕ್ಕೆ ಅದನ್ನು ಹೊಡೆದುಹಾಕಿ ಏಳುತ್ತಿದ್ದಳು. ಅತ್ತೆ ಬಟ್ಟೆಯ ಗಂಟು ಹಿಡಿದು ಪಕ್ಕದಲ್ಲೇ ಕಾಯುತ್ತಿದ್ದರು.

"ಅವರ ಭಾಷೇಲಿ 'ಇಲ್ಲ' ಅನ್ನೋದಕ್ಕೆ ಎಷ್ಟು ಮಾತಿದೆ?"

"ಬೇಡ ಅನ್ನೋದಕ್ಕೆ ಒಂದು, ಮನೇಲಿಲ್ಲ ಅನ್ನೋದಕ್ಕೆ ಒಂದು, ಮುಗಿದುಹೋಯ್ತು ಅನ್ನೋದಕ್ಕೆ ಒಂದು, ಸತ್ತೋದ್ರು ಅನ್ನೋದಕ್ಕೆ ಮೂರು."

"ಅಷ್ಟೊಂದು ಇಟ್ಕೊಂಡು ಏನು ಮಾಡ್ತಾರೆ? ನಮಗೆ ಒಂದರಲ್ಲೇ ಸಂಸಾರ ನಡೀತಿದೆ."

"ಅದನ್ನೇ ಬರೀಲಾ?"

"ಬರಿ. ಆದರೆ ತಪ್ಪು ನಿನ್ನದು ಅಂತ ಮೊದಲು ಬರಿ. ಆಮೇಲೆ ಭಾಷೆ ಮೇಲೆ ಹಾಕು. ಕೋಟು ಕೆಟ್ರೆ ಮೊದಲು 'ನಾನು ಕೆಡಿಸಿದೆ' ಅನ್ನಬೇಕು, ಕತ್ತರಿ ಮೊಂಡ ಅಂತ ಆಮೇಲೆ."

ಅವಳು ಹಾಗೆಯೇ ಬರೆದಳು. ತಪ್ಪು ನನ್ನದು, ಮಗು ಬರೆದದ್ದು ನಿಜ. ಅವಳ ತಾಯಿ ಬದುಕಿದ್ದಾಳೆ, ದೂರದಲ್ಲಿ ದುಡಿಯುತ್ತಾಳೆ. ನಿಮ್ಮ ದುಃಖದ ಕಾಗದವನ್ನು ಮಗುವಿಗೆ ಕೊಟ್ಟಿಲ್ಲ. ಆಮೇಲೆ ಆ ಒಂದು ಮಾತಿನ ವಿಷಯ. ಒಂದೂವರೆ ಪುಟವಾಯಿತು. ನಿಘಂಟನ್ನು ಎಷ್ಟು ಸಲ ತೆಗೆದಳೋ, ಅದರ ಬೆನ್ನಿನ ಹೊಲಿಗೆ ಬಿಟ್ಟುಕೊಂಡಿತು; ಅತ್ತೆ ದಪ್ಪ ದಾರದಲ್ಲಿ ಹೊಲಿದುಕೊಟ್ಟರು.

ಐದು ವಾರ ಉತ್ತರವಿರಲಿಲ್ಲ. ಸೊಸೆ ಎರಡು ಸಲ ಅನ್ನ ಸೀಯಿಸಿದಳು, ಒಂದು ಸಲ ಮಗಳ ಸಮವಸ್ತ್ರವನ್ನು ಇಸ್ತ್ರಿಯಲ್ಲಿ ಸುಟ್ಟಳು. "ಪರವಾಗಿಲ್ಲ, ಮನೇಲೇ ದರ್ಜಿ ಇದಾಳೆ," ಎಂದು ಅತ್ತೆ ಆ ಜಾಗಕ್ಕೆ ಜೇಬು ಹಾಕಿಕೊಟ್ಟರು. ವಕೀಲೆಗೆ ಎಡಬದಿಯ ಸೊಂಟದ ಹಿಂದೆ ಜೇಬಿರುವ ಶಾಲೆಯ ಏಕೈಕ ಹುಡುಗಿಯಾಗುವ ಭಾಗ್ಯ ಬಂತು.

ಉತ್ತರ ಬಂದಾಗ ಮೇಲ್ವಿಚಾರಕಿ ಸೊಸೆಯನ್ನು ಕರೆಸಿದರು. ಎರಡು ಹಾಳೆ. ಒಂದು ಸೊಸೆಗೆ, ಮೂರೇ ಸಾಲು. "ಕಾಗದ ಓದಿ ಮೊದಲು ಸಿಟ್ಟು ಬಂತು. ಮೂರು ದಿನ ಇಟ್ಟುಕೊಂಡು ಮತ್ತೆ ಓದಿದೆ. ಆ ಹೆಂಗಸು ಬದುಕಿದ್ದಾಳಲ್ಲ, ಸಾಕು."

ಇನ್ನೊಂದು ಹಾಳೆಯ ಮೇಲೆ, "ಹುಡುಗಿಯ ತಾಯಿಗೆ" ಎಂದಿತ್ತು. ಇಷ್ಟು ವರ್ಷದಲ್ಲಿ ಆಚೆಯಿಂದ ಯಾರೂ ಯಾವ ತಾಯಿಗೂ ಬರೆದದ್ದಿಲ್ಲ. ಕಾಗದಗಳೆಲ್ಲ ಮಕ್ಕಳಿಗೇ.

"ಬೇರೆಯವರಿಗೆ ಕೊಡಬೇಕಾದ್ದು," ಎಂದರು ಮೇಲ್ವಿಚಾರಕಿ. "ಅವರು ಬರೋದು ಮುಂದಿನ ವಾರ. ಇದೊಂದನ್ನ ನೀವೇ ಮಾಡಿ. ಇಲ್ಲೇ ಕೂತು, ನನ್ನ ಮುಂದೆ."

ಸೊಸೆ ಕೂತು ಬರೆದಳು. ಅಂಚೆಯಾಕೆ ಕೇಳಿದ್ದು ಇಷ್ಟು: ನಿಮ್ಮ ಮಗಳು ಹತ್ತನೇ ತರಗತಿಯ ಮೇಲೂ ಓದಬೇಕೆಂದು ನೀವು ಬಯಸುತ್ತೀರಾ? ಬಯಸುವುದಾದರೆ ನಾನು ಎರಡೂ ಕಚೇರಿಗೆ ಬರೆದು ಕೇಳುತ್ತೇನೆ. ಅವರು ಒಪ್ಪುತ್ತಾರೋ ಇಲ್ಲವೋ ಹೇಳಲಾರೆ, ನಿಯಮ ಅವರದು. ನಿಮ್ಮನ್ನು ಕೇಳದೆ ಅವರನ್ನು ಕೇಳಬಾರದೆಂದು ತೋರಿತು. ಹಿಂದಿನ ಸಲ ನಿಮ್ಮನ್ನು ಕೇಳದೆಯೇ ಬಹಳಷ್ಟು ನಡೆದುಹೋಯಿತು.

ಸೊಸೆ ಒಂದೊಂದು ಮಾತಿನ ಮೇಲೂ ಬೆರಳಿಟ್ಟು ಎರಡನ್ನೂ ಮೂರು ಸಲ ತಾಳೆ ನೋಡಿದಳು. ಮೇಲ್ವಿಚಾರಕಿ ಗಡಿಯಾರ ನೋಡಿದರು. ಲಕೋಟೆಗೆ ಹಾಕಿ, ಮೇಲೆ ಸಂಖ್ಯೆ ಬರೆದು ಕೊಟ್ಟು, ಮನೆಗೆ ಬಂದು ಅನ್ನಕ್ಕಿಟ್ಟಳು.

ಅದಾಗಿ ಎರಡು ವರ್ಷದ ಮೇಲಾಗಿದೆ. ಆ ತಾಯಿ ಯಾವ ಭಾನುವಾರ ಬಂದು ಆ ಕಾಗದ ಓದಿದಳೋ, ಅವಳಿಗೆ ಓದಲು ಬರುತ್ತಿತ್ತೋ, ಮಗಳೇ ಓದಿ ಹೇಳಿದಳೋ, ಗೊತ್ತಿಲ್ಲ. ಅವಳು ಹೂಂ ಅಂದಳೋ, ತಾನು ಸತ್ತಳೆಂದು ಯಾರೋ ಬರೆದದ್ದು ಕೇಳಿ ನೊಂದುಕೊಂಡಳೋ, ಎರಡು ಕಚೇರಿಗಳು ಒಪ್ಪಿದವೋ, ಹುಡುಗಿ ಈಗ ಕಾಲೇಜಿನಲ್ಲಿದ್ದಾಳೋ ಬಟ್ಟೆ ಒಗೆಯುವ ಕೆಲಸದಲ್ಲಿದ್ದಾಳೋ, ಅದೂ ತಿಳಿಯದು. ಬೇರೆಯವರ ಕೈಗೆ ಹೋದ ಸಂಖ್ಯೆಯ ಬಗ್ಗೆ ಕೇಳುವ ಹಾಗಿಲ್ಲ, ಸೊಸೆ ಕೇಳಿಲ್ಲ.

ಅತ್ತೆ ಮಾತ್ರ ಆಗಾಗ ಹೊಲಿಗೆಯಿಂದ ತಲೆಯೆತ್ತದೆಯೇ ಕೇಳುತ್ತಾರೆ. "ನಮ್ಮ ಇನ್ನೂರ ಹದಿನಾರು ಏನು ಮಾಡ್ತಿದಾಳಮ್ಮ?"

"ಗೊತ್ತಿಲ್ಲ ಅತ್ತೆ," ಎನ್ನುತ್ತಾಳೆ ಸೊಸೆ.